ಗಣಕಯಂತ್ರದ ಭಾಷೆಯೂ ವ್ಯವಹಾರದ ಲೆಕ್ಕವೂ

ಉತ್ತರ ಕರ್ನಾಟಕದ ಎಷ್ಟೋ ಹಳೆಯ ದಾಖಲೆಗಳು ಮೋಡಿ ಲಿಪಿಯಲ್ಲಿವೆ. ಲೇಖನಿಯನ್ನು ಹೆಚ್ಚು ಎತ್ತದೆ ಶೀಘ್ರವಾಗಿ ಬರೆಯಲು ಒದಗುತ್ತಿದ್ದ ಆ ಲಿಪಿ ಬರೆದವನಿಗೆ ಪರಮ ಹಿತಕರವಾಗಿತ್ತು. ಇಂದು ಅದನ್ನು ಓದಬಲ್ಲವರು ವಿರಳ. ಹಕ್ಕಿನ ಕಾಗದ ಪೆಟ್ಟಿಗೆಯಲ್ಲಿಯೇ ಇದ್ದರೂ ಒಡೆಯನ ಪಾಲಿಗೆ ಅದು ಮೂಕವಾಗಿದೆ. ವ್ಯವಹಾರದ ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆಯಿಸತಕ್ಕದ್ದೆಂಬ ಪ್ರಶ್ನೆ ಈಗ ಸಹಕಾರಿ ಸಂಘಗಳ, ಅಡತಿ ಅಂಗಡಿಗಳ ಬಾಗಿಲಿಗೂ ಬಂದು ನಿಂತಿರುವಾಗ ಆ ಮೂಕ ಕಾಗದಗಳನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಈ ಪ್ರಶ್ನೆ ಹೊಸದೇನೂ ಅಲ್ಲ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯು ವಿಜ್ಞಾನಿಗಳ ಸೂತ್ರಗಣಿತಕ್ಕೆ ಹೇಳಿ ಮಾಡಿಸಿದಂತಿತ್ತು. ಸಂಬಳದ ಪಟ್ಟಿ, ಸರಕಿನ ದಾಸ್ತಾನು, ಜಮಾ-ಖರ್ಚುಗಳ ಗತಿಯೇನು? 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ತಯಾರಕರೂ ಬಳಕೆದಾರರೂ ಒಟ್ಟುಗೂಡಿ ಆಲೋಚಿಸಿದುದರ ಫಲವಾಗಿ ಮರುವರ್ಷ ಕೋಬಾಲ್ ಎಂಬ ಭಾಷೆ ಪ್ರಕಟವಾಯಿತು. ಅದಕ್ಕೆ ಮುಖ್ಯ ಆಧಾರವಾದುದು ಗ್ರೇಸ್ ಹಾಪರ್ ಎಂಬ ವಿದುಷಿಯು ಅದಕ್ಕೂ ಮುಂಚೆ ರೂಪಿಸಿದ್ದ ಫ್ಲೋ-ಮ್ಯಾಟಿಕ್. ಲೆಕ್ಕಪತ್ರ ನೋಡುವವರು ಗಣಿತಸಂಕೇತಗಳಿಗಿಂತ ಮಾತುಗಳನ್ನು ಚೆನ್ನಾಗಿ ಬಲ್ಲರೆಂಬುದು ಆಕೆಯ ನಿಲುವು. ಕೋಬಾಲಿನಲ್ಲಿ ವಿಭಾಗಗಳಿವೆ, ಪರಿಚ್ಛೇದಗಳಿವೆ, ವಾಕ್ಯಗಳಿವೆ. ವಾಕ್ಯದ ಕೊನೆಗೆ ಪೂರ್ಣವಿರಾಮವೂ ಉಂಟು. ಕೂಡು, ಕಳೆ, ಸಾಗಿಸು ಎಂಬರ್ಥದ ಇಂಗ್ಲಿಷ್ ಕ್ರಿಯಾಪದಗಳೇ ಅಲ್ಲಿಯ ಆಜ್ಞೆಗಳು. ವ್ಯಾಕರಣ ಓದಿದವರಿಗೆ ಈ ಭಾಷೆ ತೀರ ಅಪರಿಚಿತವೆನಿಸದು! 1960ರ ಡಿಸೆಂಬರಿನಲ್ಲಿ ಒಂದೇ ಕ್ರಮವಿಧಿಯು ಅತ್ಯಲ್ಪ ಬದಲಾವಣೆಯೊಡನೆ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ನಡೆಯಿತು. ಯಂತ್ರ ಬದಲಾದರೂ ಬರಹ ಉಳಿಯಬಲ್ಲುದೆಂಬುದು ಆಗ ಸಿದ್ಧವಾಯಿತು.

ವಿದ್ವಾಂಸರು ಅದನ್ನು ಮೆಚ್ಚಲಿಲ್ಲ. ಡೈಕ್‌ಸ್ಟ್ರಾ ಎಂಬ ಗಣಕಶಾಸ್ತ್ರಜ್ಞನು 1975ರಲ್ಲಿ, ಕೋಬಾಲನ್ನು ಕಲಿಸುವುದು ಅಪರಾಧವೆಂದೇ ಕಟುವಾಗಿ ಬರೆದನು. ಆ ಭಾಷೆಯ ಶಬ್ದಬಾಹುಳ್ಯವನ್ನು ಅದರ ಭಕ್ತರೂ ಅಲ್ಲಗಳೆಯಲಾರರು.

ಆದರೆ ಹಣದ ಲೆಕ್ಕದಲ್ಲಿ ಅದು ತೋರಿದ ನಿಷ್ಠೆ ಗಮನಾರ್ಹ. ದಶಮಾಂಶವನ್ನು ದಶಮಾಂಶವಾಗಿಯೇ ಇಡುವ ಏರ್ಪಾಡು ಅದರಲ್ಲಿ ಮೊದಲಿನಿಂದಲೂ ಇದೆ. ಇದರ ಮಹತ್ವವೇನೆಂದರೆ, ಯಂತ್ರವು ಎಣಿಸುವುದು ಸೊನ್ನೆ-ಒಂದುಗಳ ದ್ವಿಮಾನ ಪದ್ಧತಿಯಲ್ಲಿ. ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ ಹೇಗೆ ಮುಗಿಯದೋ, ಹತ್ತರಲ್ಲೊಂದು ಭಾಗ ದ್ವಿಮಾನದಲ್ಲಿ ಹಾಗೆಯೇ ಮುಗಿಯದು. ಆದ್ದರಿಂದಲೇ ಜಾವಾಸ್ಕ್ರಿಪ್ಟ್, ಪೈಥಾನ್‌ಗಳಲ್ಲಿ ಸಾಧಾರಣ ರೀತಿಯಿಂದ 0.1ಕ್ಕೆ 0.2ನ್ನು ಕೂಡಿದರೆ 0.30000000000000004 ಎಂದು ಉತ್ತರ ಬರುತ್ತದೆ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿದಾಗ ಹದಿನೇಳನೆಯ ಸ್ಥಾನದಲ್ಲಿ ಎಲ್ಲಿಂದಲೋ ಒಂದು ನಾಲ್ಕು! ಇಷ್ಟು ಸೂಕ್ಷ್ಮವಾದುದರಿಂದ ಕೆಟ್ಟುದೇನೆಂದು ಕೇಳಬಹುದು. ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕವು 1982ರಲ್ಲಿ 1000ದಿಂದ ಆರಂಭವಾಯಿತು. ಪ್ರತಿ ಲೆಕ್ಕದಲ್ಲಿಯೂ ಮೂರನೆಯ ದಶಮಾಂಶದಾಚೆಗಿನ ಶೇಷವನ್ನು ಸುಮ್ಮನೆ ಕತ್ತರಿಸುತ್ತ ಹೋದುದರಿಂದ 1983ರ ನವೆಂಬರಿನ ಹೊತ್ತಿಗೆ ಅದು 524ರ ಆಸುಪಾಸಿಗೆ ಇಳಿದಿತ್ತು. ಸರಿಪಡಿಸಿದಾಗ ಬಂದುದು 1098! ಅಲ್ಲಿ ದೋಷವಿದ್ದುದು ಶೇಷವನ್ನು ಉಪೇಕ್ಷಿಸಿದವರಲ್ಲಿ, ಭಾಷೆಯನ್ನು ದೂರುವಂತಿಲ್ಲ. ಜಾವಾದ ಬಿಗ್‌ಡೆಸಿಮಲ್, ಪೈಥಾನಿನ ಡೆಸಿಮಲ್ ಎಂಬ ಸಾಧನಗಳು ಇಂಥ ಕೆಲಸಕ್ಕೆಂದೇ ಇವೆ. ಅವನ್ನು ಬಳಸದೆ ಬಡ್ಡಿ ಲೆಕ್ಕ ಹಾಕುವವನಿಗೆ ಖಾತೆಯನ್ನು ಒಪ್ಪಿಸಲಾಗದು.

ಓದುವವರ ಮಾತು ಇನ್ನೂ ಗಹನವಾದುದು. 2020ರ ಏಪ್ರಿಲಿನಲ್ಲಿ ಕೊರೋನಾ ಪಿಡುಗಿನಿಂದ ಕೆಲಸ ಕಳೆದುಕೊಂಡವರು ಪರಿಹಾರಕ್ಕಾಗಿ ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರು ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೋರಬೇಕಾಯಿತು. ಹಲವರು ಇದನ್ನು ಹಳೆಯ ಭಾಷೆಯ ದೌರ್ಬಲ್ಯವೆಂದು ನಕ್ಕರು. ದಶಕಗಳ ಕಾಲ ದುಡಿದ ಬರಹವನ್ನು ಓದಲು ಉತ್ತರಾಧಿಕಾರಿಗಳನ್ನು ತಯಾರು ಮಾಡದೆ ಇದ್ದುದು ಯಾರ ದೌರ್ಬಲ್ಯ? ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟುದರಿಂದ 2000ನೆಯ ವರ್ಷದ ಹೊಸ್ತಿಲಲ್ಲಿ ತಲೆದೋರಿದ ಆತಂಕವೂ ಇಂಥದೇ. ಅಂದು ಆ ಹಳೆಯ ಕ್ರಮವಿಧಿಗಳನ್ನು ಸಾಲುಸಾಲಾಗಿ ಓದಿ ತಿದ್ದಿದವರಲ್ಲಿ ಬೆಂಗಳೂರಿನ ತರುಣರೂ ಇದ್ದರೆಂಬುದು ಹೆಮ್ಮೆಯ ವಿಷಯ. ತಾವು ಹುಟ್ಟುವ ಮೊದಲು ಅನ್ಯದೇಶದಲ್ಲಿ ಬರೆಯಲ್ಪಟ್ಟುದನ್ನೂ ಅವರು ಓದಿ ತಿಳಿಯಲು ಶಕ್ತರಾದರೆಂದರೆ, ಆ ಭಾಷೆಯ ವಾಚಾಳತನಕ್ಕೂ ಒಂದು ಪ್ರಯೋಜನವಿತ್ತೆಂದೇ ಹೇಳಬೇಕು.

ವ್ಯವಹಾರದ ನಿಯಮಗಳು ನಿಂತಲ್ಲಿ ನಿಲ್ಲವು. 2025ರ ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿಯು ತೆರಿಗೆಯ ದರಗಳನ್ನು ಬದಲಿಸಲು ನಿಶ್ಚಯಿಸಿತು. ಬಹುಪಾಲು ವಸ್ತುಗಳಿಗೆ ಹೊಸ ದರ 22ರಿಂದಲೇ ಜಾರಿಗೆ ಬಂದಿತು. ನಡುವೆ ಇದ್ದುದು ಮೂರು ವಾರವೂ ಅಲ್ಲ. ತಂತ್ರಾಂಶ ಬರೆದ ಜಾಣನು ಅಷ್ಟರಲ್ಲಿ ಪರದೇಶಕ್ಕೆ ಹೋಗಿದ್ದು, ಅವನು ಮೋಹಗೊಂಡು ಆರಿಸಿದ ನೂತನ ಭಾಷೆಯನ್ನು ಬಲ್ಲವರು ಸುತ್ತಮುತ್ತ ಇಲ್ಲದಿದ್ದರೆ ಅಂಗಡಿಕಾರನು ರಸೀತಿಯನ್ನು ಕೈಯಿಂದಲೇ ಬರೆಯಬೇಕು.

ಆದುದರಿಂದ ಸಾಧಾರಣ ಸಂಸ್ಥೆಗೆ ಜಾವಾದಂಥ, ಬಲ್ಲವರು ಹೇರಳವಾಗಿ ಸಿಗುವ ಭಾಷೆಯೇ ಲೇಸು. ಅದು ನೀರಸವೆಂದು ತರುಣರು ಗೊಣಗಿದರೂ ಚಿಂತೆಯಿಲ್ಲ. ತಂತ್ರಾಂಶದ ಮೂಲ ಬರಹವು ಸಂಸ್ಥೆಯ ವಶದಲ್ಲಿಯೇ ಇರತಕ್ಕದ್ದೆಂದು ಕರಾರಿನಲ್ಲಿ ಬರೆಯಿಸಬೇಕು. ಕೊನೆಯ ಕಂತಿನ ಹಣ ಕೊಡುವ ಮುನ್ನ ಬೇರೊಬ್ಬ ಪ್ರೋಗ್ರಾಮರನ್ನು ಕರೆಯಿಸಿ, ಒಂದು ತಿಂಗಳ ಬಡ್ಡಿಯ ಲೆಕ್ಕ ಹಾಕುವ ಭಾಗವನ್ನು ಮುಂದಿಟ್ಟು, ಬರೆದವನ ನೆರವಿಲ್ಲದೆ ಅದನ್ನು ಓದಿ ವಿವರಿಸುವಂತೆ ಆಡಳಿತ ಮಂಡಳಿಯ ಸಮಕ್ಷಮದಲ್ಲಿ ಕೇಳಬೇಕು.