ಕ್ವಾಂಟಮ್ ತಂತ್ರಜ್ಞಾನ ಮತ್ತು ಗಡಿನಾಡಿನ ಪಾಲು

ಕನ್ನಡ ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕ್ವಾಂಟಮ್ ತಂತ್ರಜ್ಞಾನದ ಪ್ರಸ್ತಾಪವೇಕೆ ಎಂದು ವಾಚಕರಿಗೆ ಅನಿಸೀತು. ಭಾಷೆಯ ಅಳಿವು ಉಳಿವು, ಮಹಾಜನ ವರದಿ, ಅಧ್ಯಾಪಕರ ನೇಮಕಾತಿ ಇವೇ ಇಂತಹ ಪುಟಗಳಲ್ಲಿ ಚರ್ಚಿತವಾಗುತ್ತ ಬಂದ ವಿಷಯಗಳು. ಅವುಗಳ ಮಹತ್ವ ಕಿಂಚಿತ್ತೂ ಕುಂದಿಲ್ಲ. ಆದರೆ ಇಂದು ಐದನೆಯ ತರಗತಿಯಲ್ಲಿ ಕುಳಿತಿರುವ ಮಗು ಪದವಿ ಮುಗಿಸುವ ವೇಳೆಗೆ ಯಾವ ವಿದ್ಯೆಗೆ ಬೆಲೆ ಬಂದಿರುತ್ತದೆ, ಆ ವಿದ್ಯೆಯ ಬಾಗಿಲು ಆ ಮಗುವಿಗೆ ತೆರೆದಿರುತ್ತದೆಯೆ ಎಂಬುದನ್ನು ಈಗಲೇ ವಿಚಾರಿಸದೆ ಹೋದರೆ, ಗಡಿನಾಡಿನ ಹಳೆಯ ಕಥೆ ಹೊಸ ಹೆಸರಿನಲ್ಲಿ ಮರುಕಳಿಸುವುದು ಖಂಡಿತ.

ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆಯಿತ್ತಿತು. 2031ರವರೆಗಿನ ಈ ಯೋಜನೆಯ ಮೊತ್ತ 6003.65 ಕೋಟಿ ರೂಪಾಯಿ. ಅದರ ನಾಲ್ಕು ಮುಖ್ಯ ಕೇಂದ್ರಗಳು ಬೆಂಗಳೂರು, ಚೆನ್ನೈ, ಮುಂಬಯಿ, ದಿಲ್ಲಿಗಳ ಪಾಲಾದವು. 2025ರಲ್ಲಿ ಕರ್ನಾಟಕ ಸರಕಾರ ಸಾವಿರ ಕೋಟಿ ರೂಪಾಯಿಗಳ ತನ್ನದೇ ಕ್ವಾಂಟಮ್ ಯೋಜನೆಯನ್ನು ಸಾರಿತು. ಆಂಧ್ರವು ಅಮರಾವತಿಯಲ್ಲಿ ಕ್ವಾಂಟಮ್ ಕಣಿವೆಯ ಯೋಜನೆಯನ್ನು ಹಮ್ಮಿಕೊಂಡಿತು. ರಾಜ್ಯ ರಾಜ್ಯಗಳ ನಡುವೆ ಹೀಗೆ ಸ್ಪರ್ಧೆ ಏರ್ಪಟ್ಟಿರುವಾಗ ಎರಡು ರಾಜ್ಯಗಳ ಸಂದಿಯಲ್ಲಿರುವವರ ಗತಿಯೇನು? ತಿರುವನಂತಪುರದಿಂದ ನೋಡಿದರೆ ನಾವು ಉತ್ತರದ ತುತ್ತತುದಿಯವರು. ಬೆಂಗಳೂರಿನಿಂದ ನೋಡಿದರೆ ಪರರಾಜ್ಯದವರು.

ಸೋಜಿಗವೆಂದರೆ, ಈ ವಿಜ್ಞಾನದ ನಿಯಮಗಳೇ ನೆರೆಹೊರೆಯ ಪರವಾಗಿವೆ. ಕ್ವಾಂಟಮ್ ಸಂಪರ್ಕವೆಂದರೆ ಗೂಢಲಿಪಿಯ ಕೀಲಿಯನ್ನು ಬೆಳಕಿನ ಒಂದೊಂದೇ ಕಣದ ಮೂಲಕ ಕಳುಹಿಸುವ ವಿಧಾನ. ಅಂತಹ ಕಣವನ್ನು ನಡುವೆ ಯಾರಾದರೂ ಕದ್ದು ನೋಡಿದರೆ ಅದರ ಸ್ಥಿತಿ ಕದಡಿ ಕಳವು ಬಯಲಾಗುತ್ತದೆ. ಆದರೆ ಗಾಜಿನ ಎಳೆಯಲ್ಲಿ ಸಾಗುವ ಬೆಳಕು ದಾರಿಯುದ್ದಕ್ಕೂ ಸೋರಿ ಹೋಗುತ್ತದೆ. ಸಾಮಾನ್ಯ ದೂರಸಂಪರ್ಕದಲ್ಲಿ ಹೀಗಾದಾಗ ನಡುನಡುವೆ ವರ್ಧಕಗಳನ್ನಿಟ್ಟು ಸಂಕೇತವನ್ನು ಹಿಗ್ಗಿಸುತ್ತಾರೆ. ಇಲ್ಲಿ ಅದು ಸಾಧ್ಯವಿಲ್ಲ. ಅಜ್ಞಾತವಾದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ನಿಸರ್ಗವೇ ಒಪ್ಪುವುದಿಲ್ಲ. ಈಗ ಬಳಕೆಯಲ್ಲಿರುವ ಉತ್ತಮ ಎಳೆಯಲ್ಲಿ 50 ಕಿಲೋಮೀಟರು ಸಾಗುವಷ್ಟರಲ್ಲಿ ನೂರು ಕಣಗಳಲ್ಲಿ ಉಳಿಯುವುದು ಸುಮಾರು ಹತ್ತು. ಐನೂರು ಕಿಲೋಮೀಟರಾದರೆ ಸಾವಿರ ಕೋಟಿ ಕಣಗಳಲ್ಲಿ ಒಂದು! ಮೊದಲನೆಯದು ಹೆಚ್ಚುಕಡಿಮೆ ಕಾಸರಗೋಡಿನಿಂದ ಮಂಗಳೂರಿಗಿರುವ ದೂರ. ನಮ್ಮ ರಾಜಧಾನಿ ತಿರುವನಂತಪುರವಾದರೋ ಐನೂರಕ್ಕೂ ದೂರ.

ಕಣ್ಣೂರು, ಕಲ್ಲಿಕೋಟೆಗಳಲ್ಲಿ ನಿಲ್ದಾಣಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೋಗಬಹುದಲ್ಲ ಎಂದು ಆಕ್ಷೇಪಿಸಬಹುದು. ಹೋಗಬಹುದು, ಹೋಗಲೂ ಬೇಕು. ಆದರೆ ಎರಡು ಸಾವಿರ ಕಿಲೋಮೀಟರುಗಳ ಅಂತರನಗರ ಸಂಪರ್ಕವನ್ನು ಮಿಷನ್ ತನ್ನ ಗುರಿಯಾಗಿ ಹೇಳಿಕೊಂಡಿದೆ. ಪಶ್ಚಿಮ ಕರಾವಳಿಯಲ್ಲಿ ಅಂತಹ ಎಳೆಯೊಂದು ಮುಂಬಯಿಯಿಂದ ಕೊಚ್ಚಿಗೆ ಬರುವುದಾದರೆ ಅದು ತಲಪಾಡಿಯನ್ನು ದಾಟಿಯೇ ಬರಬೇಕು.

ಯುರೋಪಿನವರು ಇದನ್ನು ಬೇಗ ಗ್ರಹಿಸಿದರು. ಒಕ್ಕೂಟದ ಎಲ್ಲ 27 ರಾಷ್ಟ್ರಗಳು 2021ರ ಹೊತ್ತಿಗೆ ಸಾಮಾನ್ಯ ಕ್ವಾಂಟಮ್ ಸಂಪರ್ಕ ಜಾಲದ ಒಡಂಬಡಿಕೆಗೆ ಸಹಿ ಹಾಕಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಇಟಲಿಯ ಟ್ರಿಯೆಸ್ಟ್, ಸ್ಲೊವೇನಿಯದ ಲುಬ್ಲಿಯಾನ, ಕ್ರೊಯೇಷಿಯದ ರಿಯೇಕ ಎಂಬ ಮೂರು ನಗರಗಳನ್ನು ಜೋಡಿಸಿ ಪ್ರಾತ್ಯಕ್ಷಿಕೆಯನ್ನೂ ನಡೆಸಲಾಯಿತು. ಟ್ರಿಯೆಸ್ಟ್ ನಮಗೆ ತೀರ ಅಪರಿಚಿತವೆನಿಸಬೇಕಾದ ಊರಲ್ಲ. ಎರಡನೆಯ ಮಹಾಯುದ್ಧದ ಬಳಿಕ ವರ್ಷಗಟ್ಟಲೆ ವಿವಾದದಲ್ಲಿದ್ದು ಕೊನೆಗೆ ಇಟಲಿಗೆ ಸೇರಿದ ಗಡಿನಾಡು ಅದು. ಅಲ್ಲಿ ಇಂದಿಗೂ ಸ್ಲೊವೇನಿಯನ್ ಮಾಧ್ಯಮದ ಶಾಲೆಗಳು ನಡೆಯುತ್ತಿವೆ. ವಿವಾದಗ್ರಸ್ತ ಗಡಿಯನ್ನೇ ಅವರು ಪ್ರಯೋಗಶಾಲೆಯಾಗಿ ಮಾಡಿಕೊಂಡರು.

ಅಷ್ಟು ದೂರ ಹೋಗುವುದೂ ಬೇಡ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳಗಳ ಜಂಟಿ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. ಬದಿಯಡ್ಕದ ಕೃಷಿಕನಿಗೂ ಪುತ್ತೂರಿನ ಕೃಷಿಕನಿಗೂ ಅದು ಒಂದೇ ಸಂಸ್ಥೆ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವನ್ನೂ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವನ್ನೂ 1970ರಲ್ಲಿ ಒಂದೇ ಸಂಸ್ಥೆಯಡಿ ತಂದುದರಿಂದ ತೋಟಗಾರಿಕಾ ವಿಜ್ಞಾನಿಗಳಿಗೆ ರಾಜ್ಯದ ಗಡಿ ಅಡ್ಡಿಯಾಗಲಿಲ್ಲ. ಅಡಿಕೆಗೆ ಸಂದ ನ್ಯಾಯ ಅಣುವಿಗೇಕೆ ಸಲ್ಲಬಾರದು? ದಕ್ಷಿಣಕ್ಕೆ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಉತ್ತರಕ್ಕೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಇವೆ. ಈ ಮೂರನ್ನೂ ಜೋಡಿಸುವ ಪ್ರಾಯೋಗಿಕ ಎಳೆಯೊಂದನ್ನು ಕೇಂದ್ರದ ವಿಜ್ಞಾನ ಇಲಾಖೆ ಕೈಗೆತ್ತಿಕೊಂಡರೆ, ಆರು ಸಾವಿರ ಕೋಟಿಯಲ್ಲಿ ಅದಕ್ಕೆ ತಗಲುವುದು ಅಲ್ಪಾಂಶ.

ಆದರೆ ಇದು ಲಿಖಿತ ಒಪ್ಪಂದವಾಗಿರಬೇಕು. ಬಾಯಿಮಾತಿನ ಸೌಹಾರ್ದ ಎಷ್ಟು ಬಾಳುತ್ತದೆಂಬುದನ್ನು 2020ರ ಮಾರ್ಚ್ ತಿಂಗಳಿನಲ್ಲಿ ನಾವು ಕಂಡಿದ್ದೇವೆ. ಕೊರೋನಾ ಕಾಲದಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿಯಲಾಯಿತು; ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು; ಚಿಕಿತ್ಸೆ ಸಿಗದೆ ಪ್ರಾಣಬಿಟ್ಟವರೂ ಇದ್ದಾರೆ. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆಸ್ಪತ್ರೆಯ ವಿಷಯದಲ್ಲೇ ಹೀಗಾದರೆ ಪ್ರಯೋಗಶಾಲೆಯ ಪಾಡೇನು?

ವಿದ್ಯಾರ್ಥಿಗಳ ವಿಚಾರದಲ್ಲಿ ಹೊಸ ತತ್ತ್ವವೇನೂ ಬೇಕಿಲ್ಲ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ಪರಿಗಣನೆಯನ್ನು ಕರ್ನಾಟಕ ಮಾನ್ಯ ಮಾಡಿದೆ. ಅದನ್ನೇ ಸಾವಿರ ಕೋಟಿಯ ಯೋಜನೆಯ ವಿದ್ಯಾರ್ಥಿವೇತನ ಮತ್ತು ತರಬೇತಿಗಳಿಗೂ ವಿಸ್ತರಿಸಲಿ. ಇತ್ತ ಕೇರಳವು ನಮ್ಮ ಭೌತಶಾಸ್ತ್ರದ ಅಧ್ಯಾಪಕರಿಗೆ ಮಂಗಳೂರಿನಲ್ಲಿ ಕನ್ನಡದಲ್ಲೇ ತರಬೇತಿ ಪಡೆಯಲು ಅನುಮತಿ ನೀಡಲಿ, ಅದನ್ನು ಕರ್ತವ್ಯದ ಅವಧಿಯೆಂದೇ ಎಣಿಸಲಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದುದರ ವಿರುದ್ಧ ಬೀದಿಗಿಳಿದ ಜಿಲ್ಲೆ ಇದು. ಕಲಿಸುವವರಿಲ್ಲದೆ ಯಾವ ಮಿಷನ್ನೂ ತರಗತಿಯನ್ನು ಮುಟ್ಟದು.

ಪರಿಭಾಷೆಯ ಪ್ರಶ್ನೆಯೂ ಇದೆ. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮದ ಕನ್ನಡ ರೂಪವನ್ನು. ಮಂಗಳೂರಿನ ಮಕ್ಕಳು ಓದುವುದು ಕರ್ನಾಟಕದ ಪುಸ್ತಕವನ್ನು. ದೂರ ದೂರವಿರುವ ಎರಡು ಕಣಗಳು ಒಂದೇ ಸ್ಥಿತಿಯನ್ನು ಹಂಚಿಕೊಂಡಿರುವ ವಿಸ್ಮಯವನ್ನು ಒಬ್ಬರು ‘ತೊಡಕು’ ಎಂದಾರು, ಇನ್ನೊಬ್ಬರು ‘ಹೆಣಿಗೆ’ ಎಂದಾರು. ನನ್ನ ಒಲವು ಹೆಣಿಗೆಯ ಕಡೆಗೆ. ಯಾವುದಾದರೂ ಆಗಲಿ, ಎರಡೂ ಕಡೆಯ ಪಠ್ಯಪುಸ್ತಕ ಸಮಿತಿಗಳು ಒಮ್ಮೆ ಕಲೆತು ಒಂದೇ ಪದವನ್ನು ಒಪ್ಪಿಕೊಳ್ಳುವುದಕ್ಕೆ ಹಣದ ಮಂಜೂರಾತಿಗಾಗಿ ಕಾಯಬೇಕಾಗಿಲ್ಲ.