ಕಿಳ್ಳೇಕ್ಯಾತನ ನಾಲಗೆ



ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು. ಎಲ್ಲರೂ ಅವರ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಕೊಂಡಾಡಿದರು. ನಮ್ಮ ಮನಸ್ಸು ಮಾತ್ರ ಕಿಳ್ಳೇಕ್ಯಾತನ ಕಡೆಗೇ ಹೋಯಿತು.

ಡೊಳ್ಳುಹೊಟ್ಟೆ, ಕೆದರಿದ ಕೂದಲು, ಕಪ್ಪು ಮೈ. ಜೊತೆಗೆ ಬಾಯಿಗೆ ಬೀಗವಿಲ್ಲದ ಹೆಂಡತಿ ಬಂಗಾರಕ್ಕ. ಒಂದು ಸಮುದಾಯವೇ ತನ್ನ ಹಾಸ್ಯಗಾರನ ಹೆಸರಿನಿಂದ ಗುರುತಿಸಿಕೊಳ್ಳುವುದು ಎಷ್ಟು ಅಪರೂಪ! ಹಿಂದೆ ಜಿಂಕೆಯ ತೊಗಲಿನಲ್ಲಿದ್ದ ಗೊಂಬೆ ಇಂದು ಆಡಿನ ತೊಗಲಿಗೆ ಬಂದಿದೆ, ನಗೆ ಬದಲಾಗಿಲ್ಲ. ಪುರಾಣಪುರುಷರು ಗಾಂಭೀರ್ಯದಿಂದ ನುಡಿಯುವಾಗ ಈ ದಂಪತಿಗಳು ಆಡುಮಾತಿನಲ್ಲಿ ಬೈದಾಡುತ್ತಲೇ ಊರಿನ ದೊಡ್ಡವರನ್ನು ಕುಟುಕಬಲ್ಲರು.

ಆದರೆ ಪ್ರಚಾರ ಕಾರ್ಯಕ್ರಮಗಳಲ್ಲಿ ಇಡೀ ರಾತ್ರಿಯ ಆಟ ಅರ್ಧ ಗಂಟೆಗೆ ಕುಗ್ಗುತ್ತದೆ. ಕಿಳ್ಳೇಕ್ಯಾತ ಘೋಷಣೆ ಒಪ್ಪಿಸುತ್ತಾನೆ. ‘ಗಿಡ ನೆಡಿರಿ’ ಎಂದರೆ ಯಾವ ಮಗು ನಕ್ಕೀತು? ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಫೋಟೋಕ್ಕಾಗಿ ಸಸಿ ನೆಡಲು ಬಂದವರನ್ನು ಬಂಗಾರಕ್ಕ ತರಾಟೆಗೆ ತೆಗೆದುಕೊಂಡರೆ ಊರೆಲ್ಲ ಬಿದ್ದು ಬಿದ್ದು ನಕ್ಕೀತು. ಗುಂಡಿಯ ನೆನಪೂ ಉಳಿದೀತು.

ಆದ್ದರಿಂದ ಗೊಂಬೆಯಾಟ ಕರೆಸುವ ಪರಿಸರ ಸಂಘಟನೆಗಳು ಬರೆದ ಮಾತುಗಳನ್ನು ಕಲಾವಿದರ ಕೈಗಿಡದೆ, ಊರಿನ ಸಂಗತಿ ತಿಳಿಸಿ ಪರದೆ ಬಿಟ್ಟುಕೊಡಲಿ. ಕರೆಸಿದವರನ್ನೇ ಗೇಲಿ ಮಾಡಿದರೂ ಸಂಭಾವನೆ ಕಡಿತವಾಗಬಾರದು! ಗಂಗಾವತಿ, ಕುಷ್ಟಗಿ, ಯಲಬುರ್ಗಾದ ವಿದ್ಯಾರ್ಥಿಗಳು ಹಿರಿಯ ಕಲಾವಿದರ ಆಟವನ್ನು ಧ್ವನಿಮುದ್ರಿಸುವಾಗ ನಡುವಿನ ಹಾಸ್ಯವನ್ನು ಕತ್ತರಿಸದಿರಲಿ. ಪುರಾಣದ ಕಥೆ ಗ್ರಂಥಗಳಲ್ಲಿಯೂ ಸಿಕ್ಕೀತು. ಆ ರಾತ್ರಿ ಹುಟ್ಟಿದ ನಗೆಮಾತು ಕಲಾವಿದರ ಬಾಯಲ್ಲಿ ಮಾತ್ರವಿದೆ.