ಶುಕ್ರವಾರ ಹನ್ನೊಂದು ಗಂಟೆಯ ಮೀಟಿಂಗ್

ಗುರುವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಕ್ಯಾಲೆಂಡರ್‌ನಲ್ಲಿ ಒಂದು ಮೀಟಿಂಗ್ ಬಂದು ಕೂತಿತು. ಮರುದಿನ ಹನ್ನೊಂದಕ್ಕೆ, 15 ನಿಮಿಷ. ಮ್ಯಾನೇಜರ್ ಮತ್ತು ಎಚ್‌ಆರ್. ವಿಷಯದ ಜಾಗ ಖಾಲಿ. ಐಟಿಯಲ್ಲಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹೆಂಡತಿಗೆ ಆಗ ಏಳು ತಿಂಗಳು. ಫ್ಲ್ಯಾಟಿನ ಸಾಲ ಶುರುವಾಗಿ ವರ್ಷವೂ ಆಗಿರಲಿಲ್ಲ. ಅವಳಿಗೆ ಹೇಳದೆ, ಊಟ ಮಾಡಿದ ಹಾಗೆ ಮಾಡಿ ಮಲಗಿದೆ. ರಾತ್ರಿ ಎರಡೂವರೆಗೆ ಎಚ್ಚರವಾದಾಗ ಎದೆ ಡವಡವ ಹೊಡ್ಕೊಳ್ತಿತ್ತು, ಅಂಗೈಯೆಲ್ಲ ಒದ್ದೆ. ಬಾಲ್ಕನಿಗೆ ಹೋಗಿ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಕೈಯಲ್ಲಿರುವ ದುಡ್ಡು ನಾಲ್ಕು ತಿಂಗಳಿಗೆ ಸಾಕು. ಇನ್ನೊಮ್ಮೆ ಹಾಕಿದೆ. ಅದೇ ನಾಲ್ಕು.

ನಾನು ಮಂಗಳೂರಿನ ಕ್ರೈಸ್ತ ಮನೆಯಲ್ಲಿ ಬೆಳೆದವನು. ಸಂಡೇ ಸ್ಕೂಲಿನಲ್ಲಿ ಕಂಠಪಾಠಕ್ಕೆ ಬಹುಮಾನವೂ ಸಿಕ್ಕಿತ್ತು. ಆ ರಾತ್ರಿ ಅದ್ಯಾವುದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಒಂದು ವಾಟ್ಸಾಪ್ ಫಾರ್ವರ್ಡ್: ‘ಹೆದರಬೇಡ’ ಎಂಬ ಮಾತು ಸತ್ಯವೇದದಲ್ಲಿ 365 ಸಲ ಇದೆಯಂತೆ, ದಿನಕ್ಕೊಂದರಂತೆ. ಎಂಜಿನಿಯರ್ ಬುದ್ಧಿ ನೋಡಿ, ಬೇರೆ ಕೆಲಸವಿಲ್ಲದೆ ಆ್ಯಪ್‌ನಲ್ಲಿ ಹುಡುಕಿ ಎಣಿಸಿದೆ. ಅಷ್ಟು ಸಿಗುವುದಿಲ್ಲ, ಹತ್ತಿರಕ್ಕೂ ಬರುವುದಿಲ್ಲ.

ಐದು ಗಂಟೆಗೆ ಅಮ್ಮನಿಗೆ ಫೋನ್ ಮಾಡಿದೆ. ಆ ಹೊತ್ತಿಗೆ ಅವರು ಪ್ರಾರ್ಥನೆಗೆ ಎದ್ದಿರುತ್ತಾರೆ.

“ಎಂತ ಆಯ್ತು ಮಗಾ?”

ಹೇಳಿದೆ. ‘ಎಲ್ಲ ಸರಿ ಆಗ್ತದೆ, ದೇವರು ನೋಡಿಕೊಳ್ತಾನೆ’ ಅಂತಾರೆ ಅಂದುಕೊಂಡಿದ್ದೆ. ಅಮ್ಮ ಅಪ್ಪನ ಹಂಚಿನ ಕಾರ್ಖಾನೆ ಮುಚ್ಚಿದ ವರ್ಷದ ಕತೆ ತೆಗೆದರು. ನನಗಾಗ ನಾಲ್ಕು ವರ್ಷ, ತಂಗಿ ತೊಟ್ಟಿಲಲ್ಲಿ.

“ದಿನಾ ರಾತ್ರಿ ಇಪ್ಪತ್ಮೂರನೇ ಕೀರ್ತನೆ ಹೇಳ್ತಿದ್ದೆ.”

“ಆಮೇಲೆ ಹೆದ್ರಿಕೆ ಹೋಯ್ತಾ?”

“ಇಲ್ಲ ಮಾರಾಯ. ಹೆದ್ರಿಕೊಂಡೇ ಗಂಜಿ ಬೇಯಿಸಿದೆ. ಆದ್ರೆ ಒಬ್ಬಳೇ ಇದ್ದೇನೆ ಅಂತ ಒಂದು ದಿನವೂ ಅನ್ನಿಸ್ಲಿಲ್ಲ. ನೀನೂ ಓದು, ನಿಧಾನಕ್ಕೆ ಓದು.”

ಓದಿದೆ. ನಿಧಾನಕ್ಕೆ ಓದಿದ್ದರಿಂದಲೋ ಏನೋ, ಬಾಯಿಪಾಠ ಮಾಡಿದ್ದಾಗ ಗೊತ್ತಾಗದ ಒಂದು ಸಂಗತಿ ಕಣ್ಣಿಗೆ ಬಿತ್ತು. ಹುಲ್ಲುಗಾವಲು, ನೀರು, ದಾರಿ ಇರುವ ಮೊದಲ ಭಾಗದಲ್ಲಿ ದೇವರು ‘ಆತನು’. ದೂರದಲ್ಲಿರುವ ಒಬ್ಬರ ಬಗ್ಗೆ ಮಾತಾಡುವ ಹಾಗೆ. ಕತ್ತಲೆಯ ಕಣಿವೆ ಬಂದ ಕೂಡಲೇ ‘ಆತನು’ ಹೋಗಿ ‘ನೀನು’ ಆಗುತ್ತದೆ. ಹೀಬ್ರೂ ಮೂಲದಲ್ಲೂ ಹಾಗೆಯೇ. ಕುರುಬ ಕಣಿವೆಯನ್ನು ತೆಗೆದುಹಾಕುವುದಿಲ್ಲ, ಕುರಿ ಅದರಲ್ಲೇ ನಡೆಯಬೇಕು. ಶತ್ರುಗಳೂ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಸಾಲಿನಲ್ಲಿ ಅವರ ಎದುರಿಗೇ ಊಟ ಬಡಿಸಲಾಗುತ್ತದೆ. ಬದಲಾಗುವುದು ಮಾತಾಡಿಸುವ ರೀತಿ ಮಾತ್ರ.

ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ ದೋಣಿಯೂ ಆಗ ನೆನಪಾಯಿತು. ಗಲಿಲಾಯ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ, ಸುತ್ತ ಗುಡ್ಡ. ಗಾಳಿ ಮೇಲಿನಿಂದ ಏಕಾಏಕಿ ಇಳಿಯುತ್ತದೆ. ದೋಣಿಯಲ್ಲಿದ್ದ ಶಿಷ್ಯರಲ್ಲಿ ಪೇತ್ರನಂಥವರು ಅದೇ ನೀರಿನಲ್ಲಿ ಮೀನು ಹಿಡಿದು ಬದುಕಿದವರು. ಅವರೇ ಹೆದರಿದರು ಎಂದರೆ ಅದು ಸುಳ್ಳು ಹೆದರಿಕೆಯಲ್ಲ. ಯೇಸು ಅದೇ ದೋಣಿಯಲ್ಲಿ ತಲೆದಿಂಬಿಟ್ಟು ಮಲಗಿದ್ದ, ಆದರೂ ನೀರು ಒಳಗೆ ನುಗ್ಗಿತು. ಸಣ್ಣವನಿದ್ದಾಗ ಈ ಕತೆಯಲ್ಲಿ ಬಿರುಗಾಳಿ ನಿಂತದ್ದಷ್ಟೇ ನನಗೆ ಮುಖ್ಯವಾಗಿತ್ತು. ನಾವು ಮುಳುಗಿ ಹೋಗ್ತಿದ್ದೇವೆ, ನಿನಗೇನೂ ಅನ್ನಿಸೋದಿಲ್ವಾ ಎಂದು ಶಿಷ್ಯರು ಎಬ್ಬಿಸಿ ಕೇಳಿದ್ದು ಈಗ ಹೆಚ್ಚು ಹತ್ತಿರ. ಅದೂ ಪ್ರಾರ್ಥನೆಯೇ ತಾನೇ? ನಾನೂ ಬಾಲ್ಕನಿಯಲ್ಲಿ ಹಾಗೇ ಕೇಳಿದೆ, ಸ್ವಲ್ಪ ಜೋರಾಗಿಯೇ.

ಮೀಟಿಂಗ್ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಕೆಲಸ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಲಾಗಿನ್ ಕೂಡ ಇಲ್ಲ. ಕ್ಯಾಮೆರಾ ಎದುರು ಕೂತಾಗ ಕೈ ನಡುಗುತ್ತಿತ್ತು. ಬಾಯಲ್ಲಿ ಬೇರೇನೂ ಬರಲಿಲ್ಲ, ಮನಸ್ಸಿನಲ್ಲಿ ಒಂದೇ ಶಬ್ದ, ‘ನೀನು’. ಅಷ್ಟರಿಂದ ಏನಾಯಿತು ಅಂತ ಕೇಳಿದರೆ, ಏನೂ ಆಗಲಿಲ್ಲ. ಆದರೆ ಮುಖ್ಯವಾಗಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮರೆಯದೆ ಕೇಳಿದೆ: ಇನ್ಶೂರೆನ್ಸ್ ಎಷ್ಟು ದಿನ ಇರುತ್ತದೆ, ನೋಟಿಸ್ ಸಂಬಳ ಯಾವಾಗ, ರಿಲೀವಿಂಗ್ ಲೆಟರ್ ಯಾವಾಗ.

ಆಮೇಲೂ ಎದೆ ಹೊಡೆತ ನಿಲ್ಲದಿದ್ದಾಗ ಡಾಕ್ಟರ ಹತ್ತಿರ ಹೋದೆ, ಈಗ ಕೌನ್ಸೆಲಿಂಗ್ ನಡೆದಿದೆ. ನಂಬಿಕೆ ಇರುವವನು ಹೋಗಬಾರದು ಎನ್ನುವವರು ಚರ್ಚಿನಲ್ಲಿ ಇಬ್ಬರು ಸಿಕ್ಕಿದರು. ನಕ್ಕು ಸುಮ್ಮನಾದೆ.

ಹೆಂಡತಿಗೆ ಹೇಳಿದ್ದು ಆ ಶುಕ್ರವಾರ ಸಂಜೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

“ರಾತ್ರಿ ಬಾಲ್ಕನಿಯಲ್ಲಿ ನೀನು ಕೂತಿದ್ದು ನೋಡಿದ್ದೆ,” ಅಂದಳು. “ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಈಗ ಆರು ವಾರವಾಗಿದೆ. ಎರಡು ಇಂಟರ್‌ವ್ಯೂ ಆಗಿವೆ, ಎರಡನೆಯದು ಚೆನ್ನಾಗಿ ಆಗಲಿಲ್ಲ. ಮೂರನೆಯದು ಬರುವ ಗುರುವಾರ. ಎರಡೂವರೆಗೆ ಈಗಲೂ ಎಚ್ಚರವಾಗುತ್ತದೆ. ಮಗು ಒದೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹಾಗಾಗಿ ಅವಳಿಗೂ ನಿದ್ದೆ ಇಲ್ಲ. ಬಾಲ್ಕನಿಗೆ ಇನ್ನೊಂದು ಕುರ್ಚಿ ತಂದು ಹಾಕಿದ್ದೇನೆ.